ಬೆನೆ ಇಸ್ರಾಯೇಲರ ಶರತ್ಕಾಲದ ಮನೆಹಬ್ಬಗಳೂ ೧೭೮೩ರ ಸೆರೆಯೂ

ಭಾದ್ರಪದ ಬಹುಳದ ಕೊನೆಯ ದಿನಗಳಲ್ಲಿ ದಾವಣಗೆರೆ ಹರಿಹರಗಳ ಕಡೆಯ ಮನೆಗಳಲ್ಲಿ ನಡೆಯುವ ಕೆಲಸವು ಹಬ್ಬದ ಪೂರ್ವಾಂಗವೆಂದು ಹೊರಗಿನವರಿಗೆ ಕೂಡಲೆ ತೋರಲಾರದು. ಅಟ್ಟದ ಮೇಲಣ ಪಾತ್ರೆಗಳು ಕೆಳಗಿಳಿಯುವುವು. ಗೋಡೆಗಳಿಗೆ ಸುಣ್ಣ ಬೀಳುವುದು. ಹಾಸಿಗೆ ಹೊದಿಕೆಗಳು ಹೊಳೆಗೆ ಹೋಗಿ ಮಡಿಯಾಗಿ ಬರುವುವು. ಅಮಾವಾಸ್ಯೆ ಕಳೆದ ಮರುದಿನ ಹಿಡಿಮಣ್ಣಿನಲ್ಲಿ ಧಾನ್ಯವನ್ನು ಬಿತ್ತಿ ಘಟವನ್ನು ಇಟ್ಟಮೇಲೆ ಇದೆಲ್ಲವೂ ಮಹಾನವಮಿಯ ಸಿದ್ಧತೆಯೆಂಬುದು ವ್ಯಕ್ತವಾಗುವುದು. ಹತ್ತನೆಯ ದಿನದ ಸಂಜೆ ಬನ್ನಿಯನ್ನು ಮುಡಿದು, ಹಿರಿಯರ ಕೈಗೆ ಬನ್ನಿಯೆಲೆಯನ್ನಿತ್ತು ನಮಸ್ಕರಿಸುವುದರೊಡನೆ ಹಬ್ಬವು ಮುಗಿಯುವುದು. ಹರಿಹರದಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ದೇವಾಲಯವಿದೆ. ಅದರ ಪ್ರಾಕಾರದಲ್ಲಿ ಶಾಸನಗಳು ನಿಂತಿವೆ. ಆದರೆ ಘಟವನ್ನಿಡಲು ದೇವಾಲಯವೂ ಬೇಕಿಲ್ಲ, ಶಾಸನವೂ ಬೇಕಿಲ್ಲ. ಒಂದು ಮನೆ, ಒಂದು ಹೊಸ್ತಿಲು, ಹಿಡಿಮಣ್ಣು, ಹಿಡಿಧಾನ್ಯ ಇಷ್ಟಿದ್ದರೆ ಸಾಕು.

ಹಬ್ಬದ ಈ ಗೃಹರೂಪವು ದೇವಾಲಯದ ಉತ್ಸವಕ್ಕಿಂತ ಕೆಳಗಿನ ದರ್ಜೆಯದೆಂದೂ, ಚರಿತ್ರೆಗೆ ಅದರಿಂದ ಸಾಕ್ಷ್ಯವು ದೊರೆಯದೆಂದೂ ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆಯು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಕನ್ನಡನಾಡಿನ ಚರಿತ್ರೆಯನ್ನು ಒಂದು ಕಡೆಯಲ್ಲಿ ಸ್ಪರ್ಶಿಸಿರುವ ಒಂದು ಸಣ್ಣ ಜನಾಂಗದ ವೃತ್ತಾಂತವು ಬಹಳ ಉಪಯುಕ್ತವಾಗಿದೆ. ಅವರು ಕೊಂಕಣ ತೀರದ ಯೆಹೂದ್ಯರಾದ ಬೆನೆ ಇಸ್ರಾಯೇಲರು. ಅವರ ಶರತ್ಕಾಲದ ಹಬ್ಬಗಳು ಗ್ರಂಥವಿಲ್ಲದೆ, ಪುರೋಹಿತನಿಲ್ಲದೆ, ಪ್ರಾರ್ಥನಾಮಂದಿರವಿಲ್ಲದೆ ಅನೇಕ ತಲೆಮಾರುಗಳ ಕಾಲ ಮನೆಯಲ್ಲಿಯೇ ಉಳಿದುಬಂದವು. ಆ ಜನರು ಮುಂಬಯಿಯಲ್ಲಿ ತಮ್ಮ ಮೊದಲನೆಯ ಮಂದಿರವನ್ನು ಕಟ್ಟಿದುದಕ್ಕೆ ಕನ್ನಡನಾಡಿನ ಒಂದು ಸೆರೆವಾಸವು ಕಾರಣವಾಯಿತೆಂಬುದು ಅವರ ಪರಂಪರೆ.

ಬೆನೆ ಇಸ್ರಾಯೇಲರೆಂದರೆ ಇಸ್ರಾಯೇಲನ ಮಕ್ಕಳು ಎಂದರ್ಥ. ಪೂರ್ವಕಾಲದಲ್ಲಿ ಅಲಿಬಾಗದ ಬಳಿಯ ನವಗಾಂವಿನ ಹತ್ತಿರ ಹಡಗೊಡೆದು, ಏಳು ಮಂದಿ ಗಂಡಸರೂ ಏಳು ಮಂದಿ ಹೆಂಗಸರೂ ಬದುಕಿ ದಡಸೇರಿದರೆಂದೂ, ಅವರ ಸಂತತಿಯೇ ತಾವೆಂದೂ ಅವರು ಹೇಳುವರು. ಗ್ರಂಥಗಳೆಲ್ಲವೂ ನೀರುಪಾಲಾದವು. ಮರಾಠಿಯೇ ಅವರ ಮಾತಾಯಿತು. ಗಾಣದ ಕಸುಬು ಅನೇಕರ ಜೀವನೋಪಾಯವಾಯಿತು. ಶನಿವಾರದ ದಿನ ಗಾಣವನ್ನು ಕಟ್ಟದೆ ಇದ್ದುದರಿಂದ ನೆರೆಹೊರೆಯವರು ಅವರನ್ನು ಶನವಾರ ತೇಲಿಗಳೆಂದು ಕರೆದರು. ದಿವೇಕರ, ಕೆಹಿಮಕರ, ಝಿರಾಡಕರ ಮೊದಲಾದ ಅವರ ಮನೆತನದ ಹೆಸರುಗಳು ಆ ತೀರದ ಹಳ್ಳಿಗಳಿಂದ ಬಂದವುಗಳು. ಹೀಬ್ರೂ ಭಾಷೆಯಲ್ಲಿ ಅವರಿಗೆ ನೆನಪಿನಲ್ಲಿ ಉಳಿದುದು ದೇವರು ಒಬ್ಬನೇ ಎಂದು ಸಾರುವ ಶೆಮಾ ಎಂಬ ವಾಕ್ಯವೊಂದೇ. ಮದುವೆಗೂ ಹಬ್ಬಕ್ಕೂ ಸಾವಿಗೂ ಅವರು ಅದನ್ನೇ ಹೇಳುತ್ತಿದ್ದರು.

ಅವರನ್ನು ಯೆಹೂದ್ಯರೆಂದು ಮೊದಲು ಗುರುತಿಸಿದವನು ದಾವೀದ್ ರಹಾಬಿ ಎಂಬವನೆಂದು ಪ್ರತೀತಿಯುಂಟು. ಈತನು ಬಹು ಪ್ರಾಚೀನನೆಂದು ಕೆಲವರು ಹೇಳಿದರೆ, ಹದಿನೆಂಟನೆಯ ಶತಮಾನದಲ್ಲಿ ಕೊಚ್ಚಿಯಲ್ಲಿದ್ದ ದಾವೀದ್ ಎಜೆಕಿಯೇಲ್ ರಹಾಬಿಯೇ ಈತನೆಂದು ಮತ್ತೆ ಕೆಲವರು ಹೇಳುವರು. ಕಾಲವು ಯಾವುದಾದರೂ ಆಗಲಿ, ಅವನು ಮಾಡಿದ ಪರೀಕ್ಷೆಯು ಗಮನಾರ್ಹವಾದುದು. ಅವನು ಯಾವ ಗ್ರಂಥವನ್ನೂ ತೋರಿಸೆಂದು ಕೇಳಲಿಲ್ಲ. ನಾನಾ ಬಗೆಯ ಮೀನುಗಳನ್ನು ಹೆಂಗಸರ ಮುಂದಿಟ್ಟು ಅಡುಗೆಮಾಡಲು ಹೇಳಿದನು. ಅವರು ರೆಕ್ಕೆಯೂ ಪೊರೆಯೂ ಉಳ್ಳ ಮೀನುಗಳನ್ನು ಮಾತ್ರ ಆರಿಸಿಕೊಂಡು ಮಿಕ್ಕವನ್ನು ಬೇರೆಯಿಟ್ಟರು. ಮೋಶೆಯ ಧರ್ಮಶಾಸ್ತ್ರದ ಆಹಾರನಿಯಮವು ಅದೇ. ಹೀಗೆ ಒಂದು ಜನಾಂಗದ ಗುರುತು ಅಡುಗೆಮನೆಯಲ್ಲಿ ನಿರ್ಣಯವಾಯಿತು.

ಅವರ ಹಬ್ಬಗಳೂ ಇದೇ ಬಗೆಯವು. ಯೆಹೂದ್ಯರ ಪಂಚಾಂಗದಲ್ಲಿ ತಿಶ್ರಿ ಮಾಸವು ಶರತ್ಕಾಲದಲ್ಲಿ ಬರುವುದು. ಅದರ ಮೊದಲನೆಯ ದಿನ ವರ್ಷಾರಂಭವಾದ ರೋಶ್ ಹಶ್ಶಾನಾ. ಹತ್ತನೆಯ ದಿನ ಪ್ರಾಯಶ್ಚಿತ್ತದ ಉಪವಾಸವಾದ ಯೋಮ್ ಕಿಪ್ಪೂರ್. ಹದಿನೈದನೆಯ ದಿನ ಪರ್ಣಕುಟಿಗಳ ಹಬ್ಬವಾದ ಸುಕ್ಕೋತ್ ಮೊದಲಾಗುವುದು. ಬೆನೆ ಇಸ್ರಾಯೇಲರು ಈ ಹೀಬ್ರೂ ಹೆಸರುಗಳನ್ನು ಮರೆತಿದ್ದರು. ವರ್ಷಾರಂಭವನ್ನು ಅವರು ನವ್ಯಾಚಾ ಸಣ, ಎಂದರೆ ಹೊಸತರ ಹಬ್ಬ, ಎಂದು ಕರೆದು ಒಂದೇ ದಿನ ಆಚರಿಸುತ್ತಿದ್ದರು. ಅದಾದ ಕೆಲವು ದಿನಗಳಲ್ಲಿ ಖೀರಿಚಾ ಸಣ, ಎಂದರೆ ಪಾಯಸದ ಹಬ್ಬ, ಬರುತ್ತಿದ್ದಿತು. ಹೊಸ ಬೆಳೆಯ ಧಾನ್ಯಕ್ಕೆ ಕಾಯಿಹಾಲನ್ನೂ ಸಿಹಿಯನ್ನೂ ಕೂಡಿಸಿ ಪಾಯಸ ಮಾಡಿ, ಧೂಪವನ್ನು ಹಾಕಿ, ಶೆಮಾ ವಾಕ್ಯವನ್ನು ಹೇಳಿ ಉಣ್ಣುತ್ತಿದ್ದರು. ಇದು ಮರೆತುಹೋದ ಸುಕ್ಕೋತ್ ಹಬ್ಬದ ಶೇಷವೆಂದು ಊಹಿಸಿದವರುಂಟು. ಸುಕ್ಕೋತ್ ಕೂಡ ಮೂಲದಲ್ಲಿ ಸುಗ್ಗಿಯ ಹಬ್ಬವಾದುದರಿಂದ ಈ ಊಹೆಯು ನಿರಾಧಾರವಾದುದಲ್ಲ.

ಯೋಮ್ ಕಿಪ್ಪೂರಿಗೆ ಅವರಿಟ್ಟ ಹೆಸರು ಎಲ್ಲಕ್ಕಿಂತಲೂ ವಿಶಿಷ್ಟವಾದುದು. ಅದು ದಾರಫಾಲ್ನಿಚಾ ಸಣ, ಎಂದರೆ ಬಾಗಿಲು ಮುಚ್ಚುವ ಹಬ್ಬ. ಆ ದಿನ ಸ್ನಾನಮಾಡಿ ಬಿಳಿಯ ಬಟ್ಟೆಯನ್ನುಟ್ಟು, ಮನೆಯ ಬಾಗಿಲನ್ನು ಮುಚ್ಚಿಕೊಂಡು, ಅನ್ನನೀರುಗಳನ್ನು ಬಿಟ್ಟು, ಹೊರಗಿನವರೊಡನೆ ವ್ಯವಹರಿಸದೆ ಒಳಗೇ ಇರುತ್ತಿದ್ದರು. ಮರುದಿನದ ಹೆಸರು ಶಿಳಾ ಸಣ, ಎಂದರೆ ತಂಗಳ ಹಬ್ಬ. ಅಂದು ಬಾಗಿಲು ತೆರೆಯುತ್ತಿದ್ದಿತು. ಬಡವರಿಗೆ ದಾನವನ್ನು ಕೊಡುತ್ತಿದ್ದರು. ನಂಟರಿಷ್ಟರ ಮನೆಗಳಿಗೆ ಹೋಗಿಬರುತ್ತಿದ್ದರು.

ಈ ಹೆಸರುಗಳನ್ನು ಪರಿಶೀಲಿಸಿದರೆ ಒಂದು ಅಂಶವು ಸ್ಫುಟವಾಗುತ್ತದೆ. ಹೀಬ್ರೂ ಹೆಸರುಗಳು ಹಬ್ಬದ ತತ್ತ್ವವನ್ನು ಹೇಳುತ್ತವೆ. ಮರಾಠಿ ಹೆಸರುಗಳು ಹಬ್ಬದ ದಿನ ಮನೆಯವರು ಮಾಡುವ ಕೆಲಸವನ್ನು ಹೇಳುತ್ತವೆ. ಪ್ರಾಯಶ್ಚಿತ್ತವೆಂಬ ಪದವು ಮರೆತುಹೋಯಿತು, ಬಾಗಿಲು ಮುಚ್ಚುವ ಕ್ರಿಯೆ ಉಳಿಯಿತು. ಶಾಸ್ತ್ರವನ್ನು ಓದಿ ಹೇಳುವವರು ಇಲ್ಲವಾದಾಗ ಕ್ರಿಯೆಯೇ ಶಾಸ್ತ್ರದ ಸ್ಥಾನದಲ್ಲಿ ನಿಂತಿತು. ಈ ಹೆಸರುಗಳು ರಹಾಬಿಯ ಶಿಷ್ಯರ ಕಾಲದಲ್ಲಿ ಹುಟ್ಟಿದವೆಂದು ವಾದಿಸುವುದು ಕಷ್ಟ. ಏಕೆಂದರೆ ಕಲಿಸಲು ಬಂದ ಗುರುವು ಶಾಸ್ತ್ರದ ಹೆಸರನ್ನೇ ಕಲಿಸುವನಲ್ಲದೆ ತಂಗಳ ಹಬ್ಬವೆಂಬ ಹೆಸರನ್ನು ಕೊಡಲಾರನು. ಹನುಕ್ಕಾ ಎಂಬ ಹಬ್ಬವು ಅವರಿಗೆ ತಿಳಿದಿರಲಿಲ್ಲವೆಂಬ ಕಾರಣದಿಂದ, ಆ ಹಬ್ಬಕ್ಕೆ ಮೂಲವಾದ ಕ್ರಿಸ್ತಪೂರ್ವ ಎರಡನೆಯ ಶತಮಾನದ ಘಟನೆಗಿಂತ ಮೊದಲೇ ಅವರು ಸ್ವದೇಶವನ್ನು ಬಿಟ್ಟಿರಬೇಕೆಂದು ಕೆಲವರು ಸಾಧಿಸಿರುವರು. ಇಲ್ಲದ ವಸ್ತುವಿನಿಂದ ಕಾಲನಿರ್ಣಯ ಮಾಡುವುದು ಅಪಾಯಕರ. ಇರುವ ಹೆಸರುಗಳು ಹೇಳುವ ಸಂಗತಿಯಾದರೋ ನಿಸ್ಸಂಶಯವಾದುದು: ಈ ಹಬ್ಬಗಳು ಮನೆಯಲ್ಲಿ ಬೆಳೆದುವು, ಮನೆಯವರ ಮಾತಿನಲ್ಲಿಯೇ ಹೆಸರನ್ನು ಪಡೆದುವು.

ಹದಿನೆಂಟನೆಯ ಶತಮಾನದಲ್ಲಿ ಬೆನೆ ಇಸ್ರಾಯೇಲರಲ್ಲಿ ಅನೇಕರು ಹಳ್ಳಿಗಳನ್ನು ಬಿಟ್ಟು ಮುಂಬಯಿಗೆ ಬಂದು ಇಂಗ್ಲಿಷ್ ಕಂಪೆನಿಯ ಸೈನ್ಯವನ್ನು ಸೇರಿದರು. ಆ ಸೈನ್ಯದ ಮೂಲಕವೇ ಅವರ ಚರಿತ್ರೆಯು ಕನ್ನಡನಾಡಿನ ಚರಿತ್ರೆಯೊಡನೆ ಕೂಡಿಕೊಂಡಿತು.

ಆಗಿನ ನಾಡಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯಬೇಕು. ಹೈದರಾಲಿಯು ೧೭೬೩ರಲ್ಲಿ ಕೆಳದಿಯ ಅರಸರ ಬಿದನೂರನ್ನು ಹಿಡಿದು ಅದಕ್ಕೆ ನಗರವೆಂದು ಹೆಸರಿಟ್ಟನು. ಹರಿಹರವೂ ಅವನ ವಶವಾಯಿತು. ತುಂಗಭದ್ರೆಯನ್ನು ದಾಟಿ ಬರುವ ಮರಾಠರ ದಂಡಿಗೆ ಆ ಊರು ಬಾಗಿಲಿನಂತಿದ್ದುದರಿಂದ ಅಲ್ಲಿಯ ಜನಕ್ಕೆ ದಾಳಿಯ ಭಯವು ತಪ್ಪಿದ್ದಿಲ್ಲ. ೧೭೭೯ರಲ್ಲಿ ಚಿತ್ರದುರ್ಗವು ಬಿದ್ದಿತು. ಮದಕರಿನಾಯಕನು ಪರಿವಾರದೊಡನೆ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಬೇತೂರಿಗೆ ಸೇರಿದ ಚಿಕ್ಕ ಹಳ್ಳಿಯಾಗಿದ್ದ ದಾವಣಗೆರೆಯನ್ನು ಹೈದರನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಆತನು ವರ್ತಕರನ್ನು ಕರೆದು ನೆಲೆಗೊಳಿಸಿದುದರಿಂದಲೇ ಆ ಊರು ಪೇಟೆಯಾಗಿ ಬೆಳೆಯತೊಡಗಿತು. ಹೀಗೆ ಒಂದೇ ಕಾಲದಲ್ಲಿ, ಒಂದೇ ಸೀಮೆಯಲ್ಲಿ, ಹೊರಗಿನವರು ಕೆಲವರು ಕರೆಸಿಕೊಂಡು ಬಂದು ಮನೆ ಕಟ್ಟಿದರು. ನಾಡಿನವರು ಕೆಲವರು ಮನೆ ಬಿಟ್ಟು ಸೆರೆಗೆ ಹೋದರು.

೧೭೮೨ನೆಯ ಡಿಸೆಂಬರ್ ೭ರಂದು ಹೈದರನು ತೀರಿಕೊಂಡನು. ಮುಂಬಯಿಯ ಸೈನ್ಯವು ಸೇನಾಪತಿ ಮ್ಯಾಥ್ಯೂಸನ ಕೈಕೆಳಗೆ ಕರಾವಳಿಯಲ್ಲಿಳಿದು ಘಟ್ಟವನ್ನೇರಿತು. ೧೭೮೩ರ ಜನವರಿಯಲ್ಲಿ ನಗರದ ಅಧಿಕಾರಿಯಾಗಿದ್ದ ಷೇಖ್ ಅಯಾಜನು ಕೋಟೆಯನ್ನು ಒಪ್ಪಿಸಿಬಿಟ್ಟನು. ಆದರೆ ಟಿಪ್ಪುವು ದೊಡ್ಡ ಸೈನ್ಯದೊಡನೆ ಹಿಂದಿರುಗಿ ಏಪ್ರಿಲ್ ತಿಂಗಳಲ್ಲಿ ನಗರವನ್ನು ಮುತ್ತಿದನು. ಆ ತಿಂಗಳು ಕಳೆಯುತ್ತಿದ್ದಂತೆಯೇ ಮ್ಯಾಥ್ಯೂಸನು ಶರಣಾಗಬೇಕಾಯಿತು. ಸೆರೆಸಿಕ್ಕವರನ್ನು ಚಿತ್ರದುರ್ಗ, ಶ್ರೀರಂಗಪಟ್ಟಣ ಮುಂತಾದ ಕೋಟೆಗಳಿಗೆ ಕಳುಹಿಸಲಾಯಿತು. ಮ್ಯಾಥ್ಯೂಸನು ಶ್ರೀರಂಗಪಟ್ಟಣದ ಸೆರೆಯಲ್ಲಿಯೇ ಸತ್ತನು. ಉಳಿದವರಿಗೆ ಬಿಡುಗಡೆಯಾದುದು ೧೭೮೪ನೆಯ ಮಾರ್ಚಿ ೧೧ರ ಮಂಗಳೂರು ಒಪ್ಪಂದದ ತರುವಾಯ. ಆದುದರಿಂದ ೧೭೮೩ರ ಶರದೃತುವು ಅವರಿಗೆ ಕೋಟೆಗಳ ಒಳಗೇ ಕಳೆಯಿತು. ಚಿತ್ರದುರ್ಗವು ದಾವಣಗೆರೆಗೆ ಸುಮಾರು ೬೦ ಕಿಲೋಮೀಟರು ದೂರದಲ್ಲಿದೆ.

ಈ ಋತುವಿನ ತಿಥಿಗಳನ್ನು ಗಣಿಸಿ ನೋಡುವುದು ಅವಶ್ಯ. ಯೆಹೂದ್ಯರ ಪಂಚಾಂಗವೂ ನಮ್ಮ ನಾಡಿನ ಪಂಚಾಂಗದಂತೆ ಚಾಂದ್ರಮಾಸಗಳನ್ನು ಹಿಡಿದು, ಅಧಿಕಮಾಸವನ್ನು ಸೇರಿಸಿ ಸೂರ್ಯಗತಿಗೆ ಹೊಂದಿಸಿಕೊಳ್ಳತಕ್ಕುದು. ಅಧಿಕಮಾಸಗಳು ಬೇರೆಬೇರೆ ವರ್ಷಗಳಲ್ಲಿ ಬೀಳುವುದರಿಂದ ತಿಶ್ರಿಯೂ ಆಶ್ವಯುಜವೂ ಕೆಲವು ವರ್ಷ ಒಂದು ತಿಂಗಳ ಅಂತರದಲ್ಲಿ ಬರುವುವು. ೨೦೨೩ರಲ್ಲಿ ರೋಶ್ ಹಶ್ಶಾನಾ ಸೆಪ್ಟೆಂಬರ್ ೧೬ಕ್ಕೂ ನವರಾತ್ರಿಯ ಪಾಡ್ಯವು ಅಕ್ಟೋಬರ್ ೧೫ಕ್ಕೂ ಬಿದ್ದುವು. ಬೇರೆ ಕೆಲವು ವರ್ಷ ಎರಡೂ ಒಂದೇ ಅಮಾವಾಸ್ಯೆಯಿಂದ ಹೊರಡುವುವು. ಶಾಲಿವಾಹನ ಶಕ ೧೭೦೫ನೆಯ ಶೋಭಕೃತ್ ಸಂವತ್ಸರವು, ಎಂದರೆ ೧೭೮೩ನೆಯ ಇಸವಿಯು, ಅಂತಹ ವರ್ಷ. ಗಣಿತದ ಪ್ರಕಾರ ಆ ವರ್ಷ ತಿಶ್ರಿಯ ಮೊದಲನೆಯ ದಿನವು ಸೆಪ್ಟೆಂಬರ್ ೨೭ನೆಯ ಶನಿವಾರ. ಹತ್ತನೆಯ ದಿನವು ಅಕ್ಟೋಬರ್ ೬ನೆಯ ಸೋಮವಾರ. ಆಶ್ವಯುಜ ಶುಕ್ಲಪಕ್ಷವೂ ಅದೇ ಅಮಾವಾಸ್ಯೆಯನ್ನು ಹಿಂಬಾಲಿಸಿ ಬಂದಿತು.

ಇದರ ಅರ್ಥವೇನೆಂದರೆ, ಕೋಟೆಯ ಹೊರಗಣ ಹಳ್ಳಿಗಳಲ್ಲಿ ಹೆಂಗಸರು ಮನೆಯನ್ನು ಸಾರಿಸಿ ಘಟವನ್ನು ಇಡುತ್ತಿದ್ದ ದಿನಗಳಲ್ಲಿಯೇ ಬೆನೆ ಇಸ್ರಾಯೇಲರ ಹೊಸತರ ಹಬ್ಬವೂ ಬಂದಿತು. ಮನೆಮನೆಗಳಲ್ಲಿ ಬನ್ನಿಯನ್ನು ಮುಡಿಯುವ ಹೊತ್ತಿಗೆ ಅವರ ಬಾಗಿಲು ಮುಚ್ಚುವ ಹಬ್ಬವೂ ಬಂದಿತು. ಒಂದೇ ಚಂದ್ರನು ಎರಡು ಜನಾಂಗಗಳಿಗೂ ತಿಥಿಯನ್ನು ತೋರಿಸುತ್ತಿದ್ದನು. ಆದರೆ ಸೆರೆಯಾಳಿಗೆ ಹಬ್ಬದ ಒಂದು ಅಂಗವೂ ಸಾಧ್ಯವಿರಲಿಲ್ಲ. ಮಂದಿರದ ಹಬ್ಬವನ್ನು ಕಳೆದುಕೊಂಡವನು ಮನೆಯಲ್ಲಿ ಅದನ್ನು ಆಚರಿಸಬಹುದು. ಮನೆಯೇ ಮಂದಿರವಾಗಿದ್ದ ಜನರಿಗೆ ಮನೆಯನ್ನು ಕಳೆದುಕೊಂಡ ಮೇಲೆ ಹೋಗಲು ಬೇರೊಂದು ಸ್ಥಳವಿಲ್ಲ. ಪಾಯಸಕ್ಕೆ ಹೊಸ ಧಾನ್ಯವನ್ನೂ ಕಾಯಿಹಾಲನ್ನೂ ಕೂಡಿಸುವ ಕೈಗಳು ಕೊಂಕಣದಲ್ಲಿದ್ದುವು. ಮುಚ್ಚಲು ತನ್ನದೆಂಬ ಬಾಗಿಲಿರಲಿಲ್ಲ. ಇದ್ದ ಬಾಗಿಲನ್ನು ಮುಚ್ಚುವವನೂ ತೆರೆಯುವವನೂ ಕಾವಲುಗಾರ. ತಾನಾಗಿ ಮುಚ್ಚಿಕೊಂಡ ಬಾಗಿಲು ವ್ರತ. ಬೇರೆಯವರು ಮುಚ್ಚಿದ ಬಾಗಿಲು ಸೆರೆ. ಸೆರೆಯಲ್ಲಿಯೂ ಕಳೆಯದೆ ಉಳಿಯಬಹುದಾದ ವಸ್ತುವೆಂದರೆ ಬಾಯಿಪಾಠವಾಗಿದ್ದ ಶೆಮಾ ವಾಕ್ಯ ಮಾತ್ರ.

ಎರಡನೆಯ ಮೈಸೂರು ಯುದ್ಧದಲ್ಲಿ ಹೀಗೆ ಟಿಪ್ಪುವಿನ ಸೆರೆಗೆ ಸಿಕ್ಕವರಲ್ಲಿ ಸಾಮಾಜಿ ಹಸಾಜಿ ದಿವೇಕರನೆಂಬ ಸೈನ್ಯಾಧಿಕಾರಿಯೂ ಒಬ್ಬನು. ಸಾಮುಯೇಲ್ ಎಜೆಕಿಯೇಲ್ ದಿವೇಕರನೆಂಬುದು ಅವನ ಮತ್ತೊಂದು ಹೆಸರು. ಸೆರೆಯಾಳುಗಳನ್ನು ವಿಚಾರಿಸುವಾಗ ಅವನು ತನ್ನ ಕುಲವನ್ನು ಬೆನೆ ಇಸ್ರಾಯೇಲ್ ಎಂದು ಹೇಳಿದನೆಂದೂ, ಕುರಾನಿನಲ್ಲಿ ಗೌರವದಿಂದ ಹೆಸರಿಸಿರುವ ಜನರನ್ನು ಕೊಲ್ಲಬಾರದೆಂದು ಟಿಪ್ಪುವಿನ ತಾಯಿಯು ಮಗನಿಗೆ ಹೇಳಿ ಅವರನ್ನು ಉಳಿಸಿದಳೆಂದೂ ಆ ಜನಾಂಗದ ಪರಂಪರೆಯು ಹೇಳುತ್ತದೆ. ಸೆರೆಯಲ್ಲಿ, ಬದುಕಿ ಬಂದರೆ ದೇವರಿಗೆ ಒಂದು ಮಂದಿರವನ್ನು ಕಟ್ಟಿಸುವೆನೆಂದು ಅವನು ಹರಕೆ ಹೊತ್ತನೆಂಬುದೂ ಆ ಪರಂಪರೆಯಲ್ಲಿ ಸೇರಿದೆ. ಹಾಯಿಮ್ ಸಾಮುಯೇಲ್ ಕೆಹಿಮಕರನು ೧೮೯೭ರಲ್ಲಿ ಬರೆದು ಮುಗಿಸಿದ, ೧೯೩೭ರಲ್ಲಿ ತೆಲ್ ಅವೀವಿನಲ್ಲಿ ಅಚ್ಚಾದ ಬೆನೆ ಇಸ್ರಾಯೇಲರ ಚರಿತ್ರೆಯು ಈ ಬಗೆಯ ಪರಂಪರೆಗಳಿಗೆ ಮುಖ್ಯವಾದ ಆಕರ.

ಈ ಕಥೆಯಲ್ಲಿ ಪರಂಪರೆಯ ಅಂಶವೆಷ್ಟು, ಚರಿತ್ರೆಯ ಅಂಶವೆಷ್ಟು ಎಂಬುದನ್ನು ಬೇರ್ಪಡಿಸಬೇಕು. ತಾಯಿಯ ಮಾತು ಮನೆಯವರ ಬಾಯಿಂದ ಬಾಯಿಗೆ ಬಂದ ಕಥೆ. ಮಂದಿರವಾದರೋ ಕಲ್ಲುಗಾರೆಗಳ ಸಾಕ್ಷ್ಯ. ದಿವೇಕರನು ೧೭೯೬ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಪ್ರಾರ್ಥನಾಮಂದಿರವು ಆ ನಗರದ ಮೊದಲನೆಯ ಯೆಹೂದ್ಯ ಮಂದಿರ. ಅದರ ಹೆಸರು ಶಾರ್ ಹಾರಹಮೀಮ್, ಎಂದರೆ ಕರುಣೆಯ ಬಾಗಿಲು. ಯೆಹೂದ್ಯರ ಪ್ರಾಯಶ್ಚಿತ್ತದ ದಿನದ ಪ್ರಾರ್ಥನೆಗಳಲ್ಲಿ ಬಾಗಿಲಿನ ಭಾವನೆಯು ಮತ್ತೆ ಮತ್ತೆ ಬರುವುದು. ಆ ದಿನದ ಕಡೆಯ ಪ್ರಾರ್ಥನೆಯ ಹೆಸರೇ ಮುಚ್ಚುವಿಕೆ ಎಂಬ ಅರ್ಥವುಳ್ಳುದು. ಬಾಗಿಲು ಮುಚ್ಚುವ ಹಬ್ಬವನ್ನು ಮನೆಯಲ್ಲಿ ಆಚರಿಸುತ್ತಿದ್ದ ಜನರು, ಸೆರೆಯಿಂದ ಹೊರಬಂದ ತಮ್ಮವನೊಬ್ಬನು ಕಟ್ಟಿಸಿದ ಮಂದಿರವನ್ನು ತೆರೆದ ಬಾಗಿಲೆಂಬ ಹೆಸರಿನಿಂದ ಪಡೆದರು. ಮಂದಿರಕ್ಕೆ ಬೇಕಾದ ಧರ್ಮಶಾಸ್ತ್ರದ ಸುರುಳಿಗಳನ್ನು ತರಲು ದಿವೇಕರನು ಕೊಚ್ಚಿಗೆ ಹೋದನೆಂದೂ, ೧೭೯೭ರಲ್ಲಿ ಅಲ್ಲಿಯೇ ತೀರಿಕೊಂಡನೆಂದೂ ತಿಳಿದುಬರುತ್ತದೆ.

ತರುವಾಯದ ಕಾಲದಲ್ಲಿ ಗ್ರಂಥವೂ ಗುರುವೂ ಬಂದರು. ಕೊಚ್ಚಿಯಿಂದ ಯೆಹೂದ್ಯ ಉಪಾಧ್ಯಾಯರು ಬಂದು ಪ್ರಾರ್ಥನಾಕ್ರಮವನ್ನು ಕಲಿಸಿದರು. ಸ್ಕಾಟ್ಲೆಂಡಿನ ಪಾದ್ರಿಯಾದ ಜಾನ್ ವಿಲ್ಸನನು ೧೮೩೨ರಲ್ಲಿ ಹೀಬ್ರೂ ವ್ಯಾಕರಣವನ್ನು ಮರಾಠಿಯಲ್ಲಿ ಬರೆದು ಅಚ್ಚುಹಾಕಿಸಿದನು. ರೋಶ್ ಹಶ್ಶಾನಾ, ಯೋಮ್ ಕಿಪ್ಪೂರ್, ಸುಕ್ಕೋತ್ ಎಂಬ ಹೆಸರುಗಳು ಮತ್ತೆ ಬಳಕೆಗೆ ಬಂದುವು. ಇಷ್ಟಾದರೂ ಹಳೆಯ ಗೃಹಾಚಾರವು ಅಳಿಯಲಿಲ್ಲ. ಹರಕೆ ಸಂದಾಗ, ಕಷ್ಟವು ಕಳೆದಾಗ, ಅವಲಕ್ಕಿಗೆ ಕಾಯಿತುರಿಯನ್ನೂ ಸಕ್ಕರೆಯನ್ನೂ ಬೆರೆಸಿ ಹಣ್ಣುಗಳೊಡನೆ ತಟ್ಟೆಯಲ್ಲಿಟ್ಟು, ಪ್ರವಾದಿಯಾದ ಎಲೀಯನನ್ನು ನೆನೆದು ಹಂಚುವ ಮಲೀದಾ ಎಂಬ ವಿಧಿಯು ಅವರ ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಮಂದಿರವು ಮನೆಗೆ ಪ್ರತಿಯಾಗಿ ಬರಲಿಲ್ಲ. ಮನೆಯಿಲ್ಲದ ಕಾಲಕ್ಕೆ ಆಸರೆಯಾಗಿ ಬಂದಿತು.

ಮನೆಯ ಆಚಾರವನ್ನು ಸಾಕ್ಷ್ಯವೆಂದು ಒಪ್ಪಬೇಕೆ ಬೇಡವೆ ಎಂಬ ಪ್ರಶ್ನೆಯು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲವೆಂಬುದನ್ನು ಇಪ್ಪತ್ತನೆಯ ಶತಮಾನವು ತೋರಿಸಿಕೊಟ್ಟಿತು. ೧೯೪೮ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಬೆನೆ ಇಸ್ರಾಯೇಲರಲ್ಲಿ ಸಾವಿರಾರು ಮಂದಿ ಅಲ್ಲಿಗೆ ಹೋಗಿ ನೆಲಸಿದರು. ಅಲ್ಲಿಯ ಧರ್ಮಾಧಿಕಾರಿಗಳು ೧೯೬೦ರ ದಶಕದ ಮೊದಲಲ್ಲಿ, ಇವರೊಡನೆ ಮದುವೆಯಾಗುವಾಗ ಇವರ ವಂಶವನ್ನು ಹಿಂದಿನ ತಲೆಮಾರುಗಳವರೆಗೆ ವಿಚಾರಿಸಬೇಕೆಂದು ವಿಧಿಸಿದರು. ಹಡಗೊಡೆದು ಗ್ರಂಥಗಳನ್ನು ಕಳೆದುಕೊಂಡವರ ಮಕ್ಕಳನ್ನು ಪತ್ರ ತೋರಿಸಿರೆಂದು ಕೇಳಿದಂತಾಯಿತು. ಅವರು ಬಹಿರಂಗವಾಗಿ ಪ್ರತಿಭಟಿಸಿದರು. ೧೯೬೪ರಲ್ಲಿ ಇಸ್ರೇಲಿನ ಶಾಸನಸಭೆಯು, ಬೆನೆ ಇಸ್ರಾಯೇಲರು ಎಲ್ಲ ವಿಧದಲ್ಲಿಯೂ ಯೆಹೂದ್ಯರೇ ಎಂದು ಸಾರಿತು. ರಹಾಬಿಯು ಅಡುಗೆಮನೆಯ ಹೊಸ್ತಿಲಲ್ಲಿ ಕಂಡುಕೊಂಡುದನ್ನು ಒಂದು ರಾಜ್ಯವು ಅಷ್ಟು ತಡವಾಗಿ ಒಪ್ಪಿಕೊಂಡಿತು.

ಕನ್ನಡನಾಡಿನ ಚರಿತ್ರೆಯನ್ನು ಓದುವವರಿಗೂ ಕಲಿಸುವವರಿಗೂ ಈ ವೃತ್ತಾಂತದಿಂದ ದೊರೆಯುವ ಫಲವು ಎರಡು ವಿಧದ್ದು. ೧೭೮೩ನೆಯ ವರ್ಷವು ಸಾಮಾನ್ಯವಾಗಿ ಕೋಟೆಗಳೂ ಒಪ್ಪಂದಗಳೂ ಸೇನಾಪತಿಗಳೂ ತುಂಬಿದ ವರ್ಷವೆಂದು ಬೋಧಿಸಲ್ಪಡುತ್ತದೆ. ಅದೇ ವರ್ಷದ ಆಶ್ವಯುಜದಲ್ಲಿ ದಾಳಿಯ ಭಯದ ನಡುವೆಯೂ ಮನೆಯನ್ನು ಸಾರಿಸಿ ಧಾನ್ಯವನ್ನು ಬಿತ್ತಿದವರೂ, ಸಾರಿಸಲು ಮನೆಯಿಲ್ಲದೆ ತಿಥಿಯನ್ನು ಮಾತ್ರ ಎಣಿಸಬೇಕಾಗಿದ್ದವರೂ ಆ ವರ್ಷದ ಚರಿತ್ರೆಗೇ ಸೇರಿದವರು. ಎರಡನೆಯದಾಗಿ, ಶಾಸನವೂ ಗ್ರಂಥವೂ ಇಲ್ಲದೆಡೆಯಲ್ಲಿ ಚರಿತ್ರೆಯೇ ಇಲ್ಲವೆನ್ನುವುದು ದುಡುಕು. ಹಬ್ಬದ ಹೆಸರು, ಅಡುಗೆಯ ಕ್ರಮ, ಬಾಗಿಲನ್ನು ಮುಚ್ಚುವ ತೆರೆಯುವ ರೂಢಿ, ಇವುಗಳನ್ನೂ ಶಾಸನಪಾಠದಷ್ಟೇ ಎಚ್ಚರಿಕೆಯಿಂದ ಸಂಗ್ರಹಿಸಿ ಪರಿಶೋಧಿಸಬೇಕು. ಹರಿಹರದ ಶಾಸನಗಳನ್ನು ಪಂಡಿತರು ಓದಿ ಅಚ್ಚುಹಾಕಿಸಿರುವರು. ಅದೇ ಊರಿನ ಮನೆಗಳಲ್ಲಿ ಮಹಾಲಯದ ಮರುದಿನ ಘಟವನ್ನಿಡುವ ಹಿರಿಯ ಹೆಂಗಸರ ಮಾತನ್ನೂ ಕ್ರಮವನ್ನೂ, ಅವರು ಇರುವಾಗಲೇ ಕೇಳಿ ಬರೆದಿಡತಕ್ಕುದು.